ಮದ್ದಿನ ಡಬ್ಬಿಯ ಮುಚ್ಚಳ

ನಮ್ಮವರ ಹೆಸರು ಶಿವಲಿಂಗಪ್ಪ. ಗಂಡನ ಹೆಸರನ್ನು ಹೀಗೆ ಬಾಯಿಬಿಟ್ಟು ಹೇಳಿದರೆ ನಮ್ಮತ್ತೆ ಗಿರಿಜವ್ವನವರು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ನಾವು ಬಂದು ನೆಲೆಸಿದ ಈ ಹೊರದೇಶದ ಊರು ಮೆಡೋವೇಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ರಿಪೇರಿ ಮಾಡುವುದು ಇವರ ಕೆಲಸ. ಯಂತ್ರ ಕೆಟ್ಟರೆ ಉಳಿದವರು ಯಂತ್ರವನ್ನು ಬೈಯುತ್ತಾರೆ, ಕಂಪನಿಯನ್ನು ಬೈಯುತ್ತಾರೆ. ಇವರು ಮಾತ್ರ "ನನ್ನ ಕಡಿಂದ ಏನ ತಪ್ಪಾತು?" ಎಂದು ಶುರು ಮಾಡುತ್ತಾರೆ. ಮದುವೆಯಾದ ಹೊಸತರಲ್ಲಿ ಇದೊಂದು ದೊಡ್ಡ ಗುಣ ಅಂದುಕೊಂಡಿದ್ದೆ. ಈಗ ತಲೆಚಿಟ್ಟು ಹಿಡಿಯುತ್ತದೆ. ನಾನು ಇಟ್ಟ ಅನ್ನ ಸೀದರೂ ಇವರದೇ ತಪ್ಪು, ಪಕ್ಕದ ಮನೆಯವರ ಬೇಲಿ ಗಾಳಿಗೆ ಬಿದ್ದರೂ ಇವರದೇ ತಪ್ಪು.

ಇಂಥ ಸಾಧು ಪ್ರಾಣಿಗೆ ಇರುವ ಒಂದೇ ಹುಚ್ಚೆಂದರೆ ಗುರಿ ಹೊಡೆಯುವುದು. ಬೆಳಗಾವಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ರೈಫಲ್ಲಿನಿಂದ ಅಂಟಿಕೊಂಡದ್ದು ಇಲ್ಲಿ ಬಂದ ಮೇಲೆ ಪಿಸ್ತೂಲಿಗೆ ತಿರುಗಿತು. ಸೊಳ್ಳೆ ಹೊಡೆದರೂ "ಶಿವಾ" ಎನ್ನುವ ಮನುಷ್ಯ ಹೊಡೆಯುವುದು ಬರೀ ಕಾಗದಕ್ಕೆ. ಕನ್ನಡದವರ ಊಟದ ಪಂಕ್ತಿಯಲ್ಲಿ ಗೆಳೆಯರು, "ಏನ್ರೀ, ಕೊರಳಾಗ ಲಿಂಗ, ಕೈಯಾಗ ಪಿಸ್ತೂಲು?" ಎಂದು ಕಾಡುತ್ತಾರೆ. ಇವರು ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ.

ನನಗೆ ಈ ಹುಚ್ಚು ಮೊದಲಿನಿಂದಲೂ ಸೇರುತ್ತಿರಲಿಲ್ಲ. ಆದರೆ ನಮ್ಮ ಮಗಳು ಚೈತನ್ಯಾ ಕಾಲೇಜಿಗೆ ಸೇರಿದ ಮೇಲೆ ಪಿಸ್ತೂಲಿನ ಲೈಸೆನ್ಸಿನ ಕೋರ್ಸು ಮುಗಿಸಿ ಅಪ್ಪನ ಜೊತೆ ಶನಿವಾರ ಗುರಿ ಹೊಡೆಯುವವರ ಕ್ಲಬ್ಬಿಗೆ ಹೋಗತೊಡಗಿದಳು. ಕ್ಲಬ್ಬು ಇರುವುದು ನ್ಯೂಮಾರ್ಕೆಟ್ ಎಂಬ ಊರು ದಾಟಿ ಇನ್ನೂ ಮೇಲೆ. ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಹತ್ತು ಮಾತು ಕೇಳಿದರೆ ಇವಳು "ಫೈನ್" ಎಂದು ಒಂದು ಹೇಳಿ ಮೆಟ್ಟಿಲು ಹತ್ತುವವಳು. ಕಾರಿನಲ್ಲಿ ಮಾತ್ರ ಇಬ್ಬರೂ ಹೋಗುತ್ತ ಬರುತ್ತ ಹರಟುತ್ತಾರಂತೆ. ಅದೊಂದಕ್ಕಾಗಿ ನಾನು ಬಾಯಿಗೆ ಬೀಗ ಹಾಕಿಕೊಂಡೆ.

2018ರ ಬೇಸಿಗೆಯಲ್ಲಿ ಇವರು ಕ್ಲಬ್ಬಿನ ಒಬ್ಬ ಮುದುಕನ ಹತ್ತಿರ ಹಳೆಯ ಪ್ರೆಸ್ಸೊಂದನ್ನು ಕೊಂಡು ತಂದು ಬೇಸ್‌ಮೆಂಟಿನಲ್ಲಿ ಬಿಗಿದರು. ಹೊಡೆದು ಉಳಿದ ಹಿತ್ತಾಳೆಯ ಕೇಸುಗಳನ್ನು ಮತ್ತೆ ತುಂಬಿ ತೋಟಾ ಮಾಡುವ ಯಂತ್ರ ಅದು. ಹಿಡಿಕೆಯನ್ನು ಒಮ್ಮೆ ಎಳೆದರೆ ತಿರುಗುವ ತಟ್ಟೆಯ ಮೇಲೆ ಎಲ್ಲ ಕೆಲಸವೂ ಒಟ್ಟಿಗೇ ನಡೆಯುತ್ತದೆ. ಒಂದು ಕೇಸಿಗೆ ಕಿಡಿ ಹೊತ್ತಿಸುವ ಬಿಲ್ಲೆ ಕೂರುತ್ತದೆ, ಇನ್ನೊಂದಕ್ಕೆ ಮೇಲಿನ ಡಬ್ಬಿಯಿಂದ ಮದ್ದು ಬೀಳುತ್ತದೆ, ಮತ್ತೊಂದರ ಮೇಲೆ ಗುಂಡು ಇಳಿಯುತ್ತದೆ. ಕೇಳಲಿಕ್ಕೆ ಚೆಂದ. ಆದರೆ ಹೊಸಬರ ಕೈಗೆ ಅದು ಬಗ್ಗಬೇಕಲ್ಲ! ಬಿಲ್ಲೆ ಮಗುಚಿ ಬೀಳುವುದು, ಕೇಸು ನಜ್ಜುಗುಜ್ಜಾಗುವುದು, ತಟ್ಟೆ ಅರ್ಧಕ್ಕೇ ನಿಂತುಬಿಡುವುದು. ಒಂದು ಸರಿಪಡಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಊಟಕ್ಕೆ ಕರೆದರೆ ಕೆಳಗಿನಿಂದ "ನನ್ನದ ತಪ್ಪ, ಅವಸರಾ ಮಾಡಿದೆ" ಎಂದು ಯಂತ್ರಕ್ಕೆ ಸಮಾಧಾನ ಹೇಳುವ ದನಿ ಕೇಳುತ್ತಿತ್ತು. ಅಂತೂ ನವರಾತ್ರಿಯ ಹೊತ್ತಿಗೆ ಅದು ಇವರ ಮಾತು ಕೇಳುವಂತಾಯಿತು.

ಅಕ್ಟೋಬರ್ ಕೊನೆಗೆ ಚೈತನ್ಯಾಳ ಮೊದಲ ಪಂದ್ಯವಿತ್ತು. "ಅಪ್ಪಾ, ನೀನು ಮಾಡಿದ ರೌಂಡ್ಸೇ ಬೇಕು" ಎಂದಿದ್ದಳು; ತೋಟಾಕ್ಕೆ ಅವಳ ಮಾತು ಅದು. ಆ ಮಾತು ಕೇಳಿದ ದಿನ ಇವರು ಎರಡು ಸಲ ಚಹಾ ಮಾಡಿ ಎರಡನ್ನೂ ಕುಡಿಯಲು ಮರೆತರು.

ಅತ್ತೆ ಆ ವರ್ಷ ಬೆಳಗಾವಿಯಿಂದ ಬಂದು ನಮ್ಮಲ್ಲೇ ಇದ್ದರು. ಖಂಡೇ ಪೂಜೆಯ ದಿನ, ಅಂದರೆ ನಿಮ್ಮ ಆಯುಧಪೂಜೆ, ಮನೆಯಲ್ಲಿ ಅವರ ಕೈಗೆ ಸಿಕ್ಕ ಯಾವ ಉಪಕರಣವೂ ಉಳಿಯಲಿಲ್ಲ. ಕಾರು, ಮಿಕ್ಸರು, ಹಿಮ ತೆಗೆಯುವ ಸಲಿಕೆ, ನನ್ನ ಲ್ಯಾಪ್‌ಟಾಪು, ಎಲ್ಲದಕ್ಕೂ ವಿಭೂತಿ, ಕುಂಕುಮ. ಪ್ರೆಸ್ಸಿಗೂ ಆಗಬೇಕೆಂದು ಹಟ ಹಿಡಿದರು. "ಅವ್ವ ದೀಪ ಹಚ್ಚತಾಳ, ಮದ್ದಿರಬಾರದು" ಎಂದು ಇವರು ಮೊದಲೇ ಡಬ್ಬಿಯ ಮದ್ದನ್ನೆಲ್ಲ ತೆಗೆದು ಬೇರೆ ಕಡೆ ಭದ್ರ ಮಾಡಿದರು. ಪ್ರೆಸ್ಸಿನ ಮೇಲಿದ್ದ ಆ ಖಾಲಿ ಡಬ್ಬಿಯ ಮುಚ್ಚಳವನ್ನು ತೊಳೆದು ಒಣಗಲಿಕ್ಕೆ ಇಟ್ಟರು. ಅತ್ತೆ ಆರತಿ ಬೆಳಗಿ, "ನನ್ನ ಮೊಮ್ಮಗಳ ಕೈ ಗಟ್ಟಿ ಇರಲೆಪ್ಪಾ" ಎಂದು ಬೇಡಿಕೊಂಡು ಬಂದರು. ಮರುದಿನ ಇವರು ಮದ್ದು ತುಂಬಿ, ಮೊದಲ ಕೆಲವನ್ನು ತೂಗಿ ನೋಡಿ, ಮಗಳಿಗಾಗಿ ತೋಟಾ ಮಾಡಿಟ್ಟರು.

ಶನಿವಾರದ ಅಭ್ಯಾಸಕ್ಕೆ ನಾನು ಹೋಗಿರಲಿಲ್ಲ. ಬಂದು ಇಬ್ಬರೂ ಹೇಳಿದ್ದನ್ನು ಕೂಡಿಸಿದರೆ ಇಷ್ಟು. ಚೈತನ್ಯಾ ಹೊಡೆಯುತ್ತಿದ್ದಾಗ ಒಂದು ಏಟು ಢಂ ಎನ್ನುವ ಬದಲು ಠುಸ್ ಎಂದಿತು. ಕೋರ್ಸಿನಲ್ಲಿ ಅಷ್ಟೆಲ್ಲ ಕಲಿತ ಹುಡುಗಿ, ಗಡಿಬಿಡಿಯಲ್ಲಿ ಪಿಸ್ತೂಲಿನ ಮೇಲುಭಾಗ ಎಳೆದು ಬಿಟ್ಟು ಮುಂದಿನದಕ್ಕೆ ಸಿದ್ಧವಾದಳು. ಠುಸ್ ಎಂದಿತೆಂದರೆ ಮದ್ದು ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೋದರೆ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ಇಂಗ್ಲಿಷಿನಲ್ಲಿ ಕೂಗಬೇಕೆಂದು ಇವರಿಗೆ ತೋಚಲೇ ಇಲ್ಲ. "ನಿಲ್ಲವ್ವಾ!" ಎಂದು ಕಿರುಚಿದರು. ಅವಳು ಕಲ್ಲಾಗಿ ನಿಂತಳು. ನಳಿಗೆ ಬಿಚ್ಚಿ ನೋಡಿದರೆ ಗುಂಡು ನಡುವೆಯೇ ಕುಳಿತಿತ್ತು.

ಮನೆಗೆ ಬಂದವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಪ್ರೆಸ್ಸು ಕೊಟ್ಟಬಿಡತೀನಿ ವಸಂತಾ. ನನ್ನ ಕೈಯಿಂದ ಆಗೂದಿಲ್ಲ. ಪಂದ್ಯಕ್ಕ ಅಂಗಡಿವು ತಂದಕೊಡತೀನಿ" ಎಂದರು. ನಾಲ್ಕು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ನಾನು ತೆಂಗಿನಕಾಯಿ ಒಡೆಯುತ್ತಿದ್ದೆ. ಆದರೆ ಆ ಹೊತ್ತು ನನಗೆ ಅಳು ಬಂತು.

ಚೈತನ್ಯಾ ಬೂಟು ಕೂಡ ಬಿಚ್ಚಿರಲಿಲ್ಲ. "ನೋ. ನಿನ್ನ ರೌಂಡ್ಸ್ ಇಲ್ಲಾಂದ್ರೆ ಐ ಆಮ್ ನಾಟ್ ಗೋಯಿಂಗ್. ಫೈಂಡ್ ಔಟ್ ವಾಟ್ ಹ್ಯಾಪನ್ಡ್" ಎಂದಳು. ಟಾರ್ಚು ಹಿಡಿದು ತಾನೇ ಮೊದಲು ಕೆಳಗಿಳಿದಳು.

ನಾನೂ ಹಿಂದೆಯೇ ಹೋದೆ. ಇವರು ಒಂದೊಂದೇ ಭಾಗ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ತಟ್ಟೆ ಸರಿಯಿತ್ತು. ಸ್ಪ್ರಿಂಗು ಸರಿಯಿತ್ತು. "ನಾನ ನಡುವ ಎಲ್ಲೋ ಕೈ ತಡದಿರಬೇಕು. ಒಂದ ಕೇಸು ಮದ್ದಿಲ್ದ ಹಂಗ ದಾಟಿಹೋತು" ಎಂದು ತಮ್ಮ ಮೇಲೆ ಎಳೆದುಕೊಳ್ಳುತ್ತಲೇ ಮದ್ದಿನ ಡಬ್ಬಿಯನ್ನು ಬರಿದು ಮಾಡಿ ಕೆಳಗಿನ ಕಂಡಿಗೆ ಬೆಳಕು ಬಿಡಿಸಿದರು. ಅಲ್ಲಿತ್ತು, ಅರಿಷಿಣ ಹಚ್ಚಿದ ಒಂದು ಅಕ್ಕಿಕಾಳು. ಅಡ್ಡ ಬಿದ್ದಾಗ ಮದ್ದನ್ನು ತಡೆದಿದೆ, ನೆಟ್ಟಗಾದಾಗ ಬಿಟ್ಟಿದೆ. ಅಂದರೆ ಕೆಲವು ತೋಟಾಗಳಲ್ಲಿ ಮದ್ದು ಕಡಿಮೆ, ಅವುಗಳ ನಂತರದವುಗಳಲ್ಲಿ ಹೆಚ್ಚು!

ನನಗೆ ಎಲ್ಲಿತ್ತೋ ಸಿಟ್ಟು. ಅತ್ತೆಯ ಅಕ್ಷತೆ! ಮಗಳ ಕೈ ಹೋಗುತ್ತಿತ್ತಲ್ಲ! ಈಗಲೇ ಹೋಗಿ ಕೇಳಿಬಿಡುತ್ತೇನೆಂದು ಮೆಟ್ಟಿಲಿಗೆ ಕಾಲಿಟ್ಟೆ. ಇವರು ತೋಳು ಹಿಡಿದರು.

"ಹೇಳಬ್ಯಾಡ. ಆಕಿ ಮೊಮ್ಮಗಳಿಗೆ ಒಳ್ಳೇದಾಗ್ಲಿ ಅಂತ ಹಾಕ್ಯಾಳ. ಗೊತ್ತಾದ್ರ ಅನ್ನಾ ಬಿಡತಾಳ. ಡಬ್ಬಿ ಮುಚ್ಚಳಾ ತಗದಿಟ್ಟಾಂವ ನಾನು, ತಪ್ಪ ನಂದು."

"ಹೌದ್ರೀ, ಊರಿನ ತಪ್ಪೆಲ್ಲಾ ನೀವ ಹೊತಗೊಳ್ರಿ!" ಎಂದು ನಾನು ರೇಗಿದೆ.

"ಅಪ್ಪಾ, ಇಟ್ಸ್ ನಾಟ್ ಯುವರ್ ಫಾಲ್ಟ್. ಅಜ್ಜಿದೂ ಅಲ್ಲ. ಇಟ್ಸ್ ಜಸ್ಟ್ ಎ ಲಿಡ್" ಎಂದಳು ಚೈತನ್ಯಾ. ಇಷ್ಟು ವರ್ಷ ನಾನು ಕೂಗಿ ಕೂಗಿ ಹೇಳಿದ್ದು ಇವರ ತಲೆಗೆ ಹೋಗಿರಲಿಲ್ಲ. ಅವಳು ಮೆಲ್ಲಗೆ ಹೇಳಿದ್ದಕ್ಕೆ ಇವರು ಸ್ಟೂಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರು.

ಮಾಡಿಟ್ಟ ತೋಟಾಗಳನ್ನೆಲ್ಲ ಬಿಚ್ಚಿದರು. ಒಂದನ್ನೂ ನಂಬಲಿಲ್ಲ. ಆಮೇಲೆ ಹೊಸದಾಗಿ ಶುರು ಮಾಡಿದರು. ಹಿಡಿಕೆ ಎಳೆದ ಕೂಡಲೇ ಇವರು ತಡೆಯುತ್ತಾರೆ. ಮಗಳು ಬಗ್ಗಿ ಟಾರ್ಚು ಬಿಟ್ಟು ಕೇಸಿನೊಳಗೆ ನೋಡುತ್ತಾಳೆ, ಮದ್ದು ಸರಿಯಾಗಿ ಬಿದ್ದಿದ್ದರೆ ಹೇಳುತ್ತಾಳೆ. ಮೊದಲು "ಓಕೆ, ಓಕೆ" ಎನ್ನುತ್ತಿದ್ದಳು. ಅಪ್ಪ ಪ್ರತಿ ಸಲ "ಐತೇನ?" ಎಂದು ಕೇಳಿ ಕೇಳಿ, ಯಾವಾಗಲೋ ಅವಳ ಬಾಯಿಗೂ "ಐತಿ" ಎಂದು ಬಂತು. ನಾನು ಮೇಲೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಐತೇನ? ಐತಿ. ಐತೇನ? ಐತಿ.

"ಏನೈತಂತ ಕೆಳಗ?" ಎಂದು ಅತ್ತೆ ಕೇಳಿದರು.

"ಏನೋ ಐತ್ರಿ ಅತ್ತಿ, ನಿಮಗ್ಯಾಕ ಬೇಕು" ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಪಂದ್ಯಕ್ಕೆ ಮೊದಲ ಬಾರಿ ನಾನೂ ಹೋದೆ. ನನಗೆ ಗುರಿ ಕಾಣಲೇ ಇಲ್ಲ. ಪ್ರತಿ ಏಟಿಗೂ ಢಂ ಎನ್ನುತ್ತದೋ ಇಲ್ಲವೋ ಎಂಬುದೊಂದೇ ಜೀವ ಹಿಂಡುತ್ತಿತ್ತು. ಪಕ್ಕದಲ್ಲಿ ಇವರ ತುಟಿ ಅಲ್ಲಾಡುತ್ತಿತ್ತು. ಏನು ಮಂತ್ರವೆಂದು ಕಿವಿಗೊಟ್ಟರೆ, "ಐತಿ... ಐತಿ..." ಕೊನೆಯ ಏಟೂ ಢಂ ಎಂದಿತು. ಚೈತನ್ಯಾ ಬಹುಮಾನದ ಹತ್ತಿರವೂ ಸುಳಿಯಲಿಲ್ಲ. ಆದರೂ ಓಡಿ ಬಂದು ಎಲ್ಲರೆದುರು ಅಪ್ಪನನ್ನು ಅಪ್ಪಿಕೊಂಡಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲಾ ಸುಸೂತ್ರ ಆತಲ್ಲ? ನಾ ಹಾಕಿದ ಅಕ್ಕಿಕಾಳು ಕಾದಾವು ನೋಡು" ಎಂದರು. ನನ್ನ ಬಾಯಿ ತೆರೆದೇಬಿಟ್ಟಿತು. ಇವರು ನನ್ನನ್ನೇ ನೋಡಿದರು. ಅಷ್ಟರಲ್ಲಿ ಚೈತನ್ಯಾ ಅಜ್ಜಿಯ ಕೈ ಹಿಡಿದುಕೊಂಡಳು.

"ಹೂಂ ಅಜ್ಜಿ. ನೆಕ್ಸ್ಟ್ ಇಯರೂ ಹಾಕು. ನಾ ಮೊದಲಿಗೆ ಮುಚ್ಚಳಾ ಹಾಕತೀನಿ."

"ಯಾವ ಮುಚ್ಚಳಾ?" ಎಂದರು ಅತ್ತೆ. ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಮೊಮ್ಮಗಳ ಅಂಗೈ ತಿರುಗಿಸಿ ಬೆರಳುಗಳನ್ನು ಸವರುತ್ತ ನಿಂತರು.

ಕೆಲವು ದಿನ ಬಿಟ್ಟು ಬಟ್ಟೆ ಒಗೆಯಲು ಕೆಳಗೆ ಹೋದಾಗ ನೋಡಿದೆ. ಮದ್ದಿನ ಡಬ್ಬಿಯ ಮುಚ್ಚಳದ ಮೇಲೆ ಒಂದು ಕುಲಾವಿ, ಕೂಸಿನ ತಲೆಗೆ ಹಾಕುವಂಥ ಬಟ್ಟೆಯ ಟೋಪಿ. ಅತ್ತೆ ತಮ್ಮ ಕುಬಸಕ್ಕೆಂದು ಊರಿನಿಂದ ತಂದಿದ್ದ ಗುಳೇದಗುಡ್ಡದ ಖಣವನ್ನು ಕತ್ತರಿಸಿ, ಕೈಹೊಲಿಗೆ ಹಾಕಿ, ಬಾಯಿಗೆ ಒತ್ತಾಗಿ ಇಲಾಸ್ಟಿಕ್ ಸೇರಿಸಿದ್ದರು. ಒಂದು ಕಾಳು ನುಸುಳುವಷ್ಟೂ ಸಂದು ಬಿಟ್ಟಿರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು.

ಅತ್ತೆ ಬೆಳಗಾವಿಗೆ ಮರಳಿದ ಮೇಲೂ ಕೆಲಸ ಮುಗಿದ ಕೂಡಲೇ ಡಬ್ಬಿಗೆ ಆ ಕುಲಾವಿ ಏರುತ್ತದೆ. ಇವರು ಮರೆತರೆ ಚೈತನ್ಯಾ ಹಾಕುತ್ತಾಳೆ.