ಉಪ್ಪಿನಕಾಯಿ ಭರಣಿಗಳ ಮೇಲೆ ತಾಮ್ರದ ಪ್ಲಾಸ್ಮಾ

ಶಹಾಬಾದಿನಲ್ಲಿ ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಬಟ್ಟೆ ಒಗೆಯುವುದೂ ಪರಸಿ ಕಲ್ಲಿನ ಮೇಲೆ. ಎಪ್ಪತ್ತರ ದಶಕದ ಒಂದು ಮಳೆಗಾಲ, ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಪಾಸಿಟರುಗಳನ್ನು ಜೋಡಿಸುವಾಗ ಅವುಗಳ ಕೆಳಗೂ ನಾನು ಪರಸಿಯನ್ನೇ ಹಾಕಿದ್ದೆ. ಬೇರೇನೂ ಹೊಳೆದಿರಲಿಲ್ಲ.

ಕೆಪಾಸಿಟರುಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಕೂದಲೆಳೆಯಂಥ ತಾಮ್ರದ ತಂತಿಗೆ ಒಮ್ಮೆಲೇ ನುಗ್ಗಿಸಬೇಕು. ರಭಸ ಸಾಕಷ್ಟಿದ್ದರೆ ತಂತಿಗೆ ಕರಗಿ ಬೀಳಲೂ ಪುರುಸೊತ್ತಿರುವುದಿಲ್ಲ. ಇದ್ದಲ್ಲೇ ಆವಿಯಾಗಿ, ವಿದ್ಯುತ್ ಹರಿಸುವ ದಟ್ಟ ಪ್ಲಾಸ್ಮಾ ಆಗುತ್ತದೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಲೆಕ್ಕ ಹಾಕಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕೆಪಾಸಿಟರುಗಳು ಕಾರ್ಖಾನೆಯಿಂದ ಎರವಲು ತಂದವು. ಮರಳಿಸಲು ಅಂದೇ ಕೊನೆಯ ದಿನ.

ಮೊದಲ ಸಲ ಚಟ್ ಅಂದಿತು, ಅಷ್ಟೇ. ತಂತಿಯ ಕೆಳಗಿಟ್ಟಿದ್ದ ಗಾಜಿನ ಮೇಲೆ ತಾಮ್ರದ ಗುಂಡುಗಳು ಬಿದ್ದಿದ್ದವು. ಉಳಿದ ವಿದ್ಯುತ್ತನ್ನು ಇಳಿಸಲು ಭೂಮಿಗೆ ಜೋಡಿಸಿದ ಸರಳನ್ನು ಕೆಪಾಸಿಟರಿಗೆ ತಾಗಿಸಿದರೆ ಫಟಾರನೆ ಕಿಡಿ ಹಾರಿತು. ತಂತಿ ಕರಗಿ ತುಂಡಾಗಿ, ವಿದ್ಯುತ್ತು ನಡುದಾರಿಯಲ್ಲೇ ನಿಂತುಬಿಟ್ಟಿತ್ತು.

ಕಾರ್ಖಾನೆಯ ಸ್ಟೋರ್ ಕೀಪರ್ ಬಾಗಿಲಲ್ಲೇ ನಿಂತಿದ್ದರು. “ಸರ, ಪಟಾಕಿ ಮುಗೀತೇನ್ರಿ? ಟ್ರಕ್ ನಿಂತದ.”

ಆಗ ಪರಸಿಯ ಮೇಲೆ ಕೈಯಿಟ್ಟೆ. ತೇವ! ತುಂಬಿದ ವಿದ್ಯುತ್ತಿನ ಒಂದು ಪಾಲು ಕಲ್ಲಿನೊಳಗೆ ಸೋರಿ, ರಭಸ ಸಾಲದಾಗಿತ್ತು. ಒಣ ಪಿಂಗಾಣಿಯಲ್ಲಾದರೆ ವಿದ್ಯುತ್ತು ಸೋರದು. ಕಾಲೇಜಿನ ಹಿಂದೆಯೇ ಇದ್ದ ಮನೆಗೆ ಓಡಿದೆ.

“ಪಿಂಗಾಣಿ ಭರಣಿ ಎಲ್ಲಾ ಕೊಡು.”

“ಉಪ್ಪಿನಕಾಯಿ ಎಲ್ಲಿ ಸುರುವ್ಲಿ, ನಿಮ್ಮ ತಲಿ ಮ್ಯಾಲ?” ಅಂದಳು ಹೆಂಡತಿ.

“ತಾಮ್ರ ಆವಿ ಆಗೋದದ, ಜಲ್ದಿ!”

“ನಮ್ಮ ಅನ್ನದ ಗಡಗೀನೂ ದಿನಾ ಆವಿ ಬಿಡ್ತದ. ನಾ ಯಾರ್ನೂ ನೋಡ್ಲಿಕ್ಕ ಕರ್ದಿಲ್ಲ.”

ಬೈಯುತ್ತಲೇ ಭರಣಿಗಳನ್ನು ತೊಳೆದು, ಒಣಗಿಸಿ, ತಾನೂ ಹೊತ್ತು ತಂದಳು. ಬೋರಲು ಹಾಕಿದ ಭರಣಿಗಳ ಮೇಲೆ ಕೆಪಾಸಿಟರುಗಳು ಏರಿದವು. ಹೊಸ ಗಾಜು, ಹೊಸ ತಂತಿ. ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ಚಿನ ಹಗ್ಗ ಎಳೆದೆ.

ಗುಂಡು ಹಾರಿದಂಥ ಸದ್ದು! ಬೆಳಕು ಹಸಿರಾಗಿತ್ತು ಎಂದು ನನ್ನ ನೆನಪು. ಬರೀ ಬಿಳಿ ಎನ್ನುತ್ತಾಳೆ ಹೆಂಡತಿ. ತಾಮ್ರ ಹಸಿರು ಬೆಳಕು ಕೊಡುತ್ತದೆಂದು ಓದಿಕೊಂಡವನು ನಾನು. ಆ ಓದೇ ನೆನಪಿಗೆ ಬಣ್ಣ ಬಳಿದಿರಬಹುದು. ಆದರೆ ಗಾಜಿನ ಮೇಲೆ ಒಂದು ಗುಂಡೂ ಇರಲಿಲ್ಲ, ತೆಳ್ಳನೆಯ ಕಂದು ಲೇಪವೊಂದೇ ಇತ್ತು. ಆವಿಯೇನೋ ಆಗಿತ್ತು. ಪ್ಲಾಸ್ಮಾ?

ಸರಳು ತಾಗಿಸಿದೆ. ಕಿಡಿಯಿಲ್ಲ. ಇನ್ನೊಮ್ಮೆ ತಾಗಿಸಿದೆ. ಸದ್ದೇ ಇಲ್ಲ. ತಂತಿ ಮಾಯವಾದ ಮೇಲೂ ಅದರ ಜಾಗದಲ್ಲೇ ವಿದ್ಯುತ್ತು ಪೂರ್ತಿ ಹರಿದು ಹೋಗಿತ್ತು! ತಣ್ಣನೆಯ ಆವಿಯಾಗಿದ್ದರೆ ಅದನ್ನು ಹರಿಯಗೊಡುತ್ತಿರಲಿಲ್ಲ.

“ಆತು! ಆತು!” ಎಂದು ಕೂಗಿದೆ.

ಸ್ಟೋರ್ ಕೀಪರ್ ಒಳಗೆ ಬಂದು, ತಂತಿ ಬಿಗಿದಿದ್ದ ಬೋಲ್ಟುಗಳ ನಡುವೆ ಬಗ್ಗಿ ನೋಡಿದರು. ಮೇಲೆಯೂ ನೋಡಿದರು. “ತಂತಿ ಎಲ್ಲಿ ಹೋತ್ರಿ?”

ಗಾಜು ತೋರಿಸಿದೆ. ಅವರು ಹೊರಗೆ ಹೋಗಿ ಡ್ರೈವರನಿಗೆ ಏನೋ ಹೇಳಿದರು. ಟ್ರಕ್ಕಿನ ಇಂಜಿನ್ ನಿಂತಿತು. ಮರಳಿ ಬಂದು ಸ್ಟೂಲ್ ಎಳೆದುಕೊಂಡು ಕೂತರು.

“ಇನ್ನೊಂದ್ ತಂತಿ ಹಾಕ್ರಿ ಸರ. ಈ ಸಲ ನಾ ಕಣ್ಣ ಮುಚ್ಚಂಗಿಲ್ಲ.”