ಇನ್ನೇನು ಕೊಟ್ಟಿದ್ದೀರಮ್ಮ?

ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಎರಡು ದಪ್ಪ ಹುಬ್ಬು ಮಾತ್ರ. ನಕ್ಕರೂ ರೇಗಿದರೂ ಅವೇ ಮೊದಲು ಹೇಳಿಬಿಡುತ್ತಿದ್ದವು. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರ ಐಸಿಯು ನೋಡಿಕೊಳ್ಳುತ್ತಿದ್ದ ಅವರನ್ನು ನಾವೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದೆವು. ಮುದುಕರು ಸಿಕ್ಕರೆ ತೆಲುಗು, ನಮ್ಮಂಥವರಿಗೆ ಕನ್ನಡ, ಯಾವುದರಲ್ಲಿ ಮಾತಾಡಿದರೂ ಕೊನೆಗೆ ಕೇಳುವುದು ಒಂದೇ: "ಇನ್ನೇನು ಕೊಟ್ಟಿದ್ದೀರಮ್ಮ?" ಕಷಾಯ, ಭಸ್ಮ, ಪಕ್ಕದ ಮನೆಯವರ ಮಾತ್ರೆ, ಏನು ಹೇಳಿದರೂ ಬೈಯುತ್ತಿರಲಿಲ್ಲ. "ಬೈದ್ರೆ ನಾಳೆ ಬಚ್ಚಿಡ್ತಾರೆ ಕಣೇ," ಎಂದು ನರ್ಸಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ನಮ್ಮಪ್ಪ ಮೇಲೂರಿನಲ್ಲಿ ರೇಷ್ಮೆ ಹುಳ ಸಾಕುವವರು. ನ್ಯುಮೋನಿಯಾ ಹಿಡಿದು ಆ ಐಸಿಯು ಸೇರಿದ್ದರು. ಉಸಿರು ಸುಧಾರಿಸಿತು, ಬುದ್ಧಿ ಎಲ್ಲಿಗೋ ಹೋಯಿತು. ಚಾವಣಿಯ ತುಂಬಾ ಹುಳ ಹರಿದಾಡುವುದು ಅವರಿಗೆ ಕಾಣತೊಡಗಿತು.

"ಹುಳ ಹಸ್ಕೊಂಡವೆ, ಸೊಪ್ಪು ಹಾಕ್ರೋ!" ಎಂದು ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುತ್ತಿದ್ದರು. ನನ್ನ ಗುರುತೇ ಇಲ್ಲ.

"ಅತ್ತಿಗೆ, ಇದು ಗಾಳಿ ಸೋಕಿರೋದು. ಇಂಜೆಕ್ಷನ್‌ಗೆಲ್ಲ ಬಗ್ಗಲ್ಲ. ಮಂತ್ರ ಹಾಕೋರ ಹತ್ರ ಕರ್ಕೊಂಡು ಹೋಗಣ," ಎಂದು ಚಿಕ್ಕಪ್ಪ ಕಾರು ತರಿಸಿಯೇಬಿಟ್ಟರು.

ಡಾಕ್ಟರಮ್ಮ ಬಂದು ಅಪ್ಪನ ಕೈ ಹಿಡಿದರು. "ಸೊಪ್ಪು ಹಾಕ್ಸಿದ್ದೀನಿ ಯಜಮಾನ್ರೇ. ಹುಳ ತಿನ್ಲಿ, ನೀವು ಮಲಕ್ಕೊಳ್ಳಿ." ಆಮೇಲೆ ಅಮ್ಮನ ಕಡೆ ತಿರುಗಿದರು. "ಇನ್ನೇನು ಕೊಟ್ಟಿದ್ದೀರಮ್ಮ?"

ಅಮ್ಮ ಸೆರಗಿನ ಗಂಟಿನಿಂದ ಅರ್ಧ ಖಾಲಿಯಾದ ಮಾತ್ರೆ ಶೀಟು ತೆಗೆದರು. "ಕೆಮ್ಮು, ನೆಗಡಿಗೆ ನಮ್ಮನೇಲಿ ಇದೇ ತಾಯಿ. ಇಲ್ಲೂ ಗಂಜೀಲಿ ಕಲಸಿ ಕೊಟ್ಟೆ. ಅಂಗಡೀಲಿ ಸಿಗೋದು, ಏನಾಗುತ್ತೆ?"

"ಹುಳ ಬರುತ್ತೆ!" ಹುಬ್ಬು ನಕ್ಕವು. "ಮನೇಲಿ ತಗೊಂಡ್ರೆ ಇದು ಬರೀ ತೂಕಡಿಕೆ ಮಾತ್ರೆ. ಇಲ್ಲಿ ನಾನೂ ನಿದ್ದೆ ಇಂಜೆಕ್ಷನ್ ಕೊಡ್ತಿದ್ದೀನಲ್ಲ, ನಂದೂ ನಿಮ್ದೂ ಸೇರಿ ವಯಸ್ಸಾದ ತಲೇನ ಕಲಸಿಬಿಟ್ಟವೆ. ನಿಮ್ದು ನಿಲ್ಸಿ, ನಂದು ಇಳಿಸ್ತೀನಿ. ಒಂದೆರಡು ದಿನ ಕೊಡಿ."

ಚಿಕ್ಕಪ್ಪ ಗೊಣಗುತ್ತಲೇ ಕಾರು ವಾಪಸ್ಸು ಕಳಿಸಿದರು. ಅಮ್ಮ ಮಾತ್ರ, ಗಂಡನಿಗೆ ತಾನೇ ಹುಚ್ಚು ಹಿಡಿಸಿದೆನೋ ಎಂದು ಅನ್ನ ಮುಟ್ಟಲಿಲ್ಲ. ಡಾಕ್ಟರಮ್ಮ ತಮ್ಮ ಡಬ್ಬಿಯ ಚಿತ್ರಾನ್ನ ತಂದು ಎದುರಿಗೇ ಕೂತು ತಿನ್ನಿಸಿದರು.

ಅವರು ಹೇಳಿದಂತೆಯೇ ಒಂದೆರಡು ದಿನ ಕಳೆಯಿತು. ಬೆಳಿಗ್ಗೆ ಅಪ್ಪ ಕಣ್ಣುಬಿಟ್ಟು, "ಹುಳ..." ಎಂದರು. ಚಿಕ್ಕಪ್ಪ ಮಂಚದ ಹತ್ತಿರ ಬಗ್ಗಿದರು.

"ಹುಳದ ಮನೆ ಬಿಟ್ಟು ನೀನ್ಯಾಕೋ ಇಲ್ಲಿ ಬಂದು ಕೂತಿದ್ದೀಯ, ಸೋಂಬೇರಿ!"

ಅಣ್ಣನಿಂದ ಬೈಸಿಕೊಂಡ ಚಿಕ್ಕಪ್ಪ ಮಗುವಿನ ಹಾಗೆ ಅತ್ತುಬಿಟ್ಟರು.

ಡಾಕ್ಟರಮ್ಮ ಈಗ ಆ ಆಸ್ಪತ್ರೆಯಲ್ಲಿಲ್ಲ. ಅಪ್ಪನ ಬೈಗುಳ ಮಾತ್ರ ನಮ್ಮ ಮನೆಯಲ್ಲಿ ದಿನವೂ ಕೇಳಿಸುತ್ತದೆ. ಅದಕ್ಕಾಗಿ ಆ ತಾಯಿಗೆ ಕೈಮುಗಿಯುವವರಲ್ಲಿ ಬೈಸಿಕೊಳ್ಳುವ ಚಿಕ್ಕಪ್ಪನೇ ಮೊದಲಿಗರು.