ಹಗಲುಗತೆಯೂ ನಂಜಪ್ಪ ಮಾವನೂ

ಪುಸ್ತಕದ ಪುಟ ಗುರುತಿಟ್ಟುಕೊಳ್ಳಲು ಬಸ್ಸಿನ ಟಿಕೆಟ್ಟಿಗಿಂತ ಶ್ರೇಷ್ಠವಾದ ಸಾಧನವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನವಿಲುಗರಿ ಕಾವ್ಯಮಯವಾದದ್ದು, ಒಪ್ಪುತ್ತೇನೆ. ಆದರೆ ಬಸ್ಸಿನ ಕಿಟಕಿಯ ಗಾಳಿಗೆ ಅದು ಹಾರಿ ಮುಂದಿನ ಸೀಟಿನವರ ಮೂಗಿಗೆ ತಗುಲಿ ಸೀನು ಬರಿಸಿದರೆ ಕಾವ್ಯವೆಲ್ಲ ವ್ಯಾಜ್ಯವಾಗಿಬಿಡುತ್ತದೆ. ಟಿಕೆಟ್ಟಿಗೆ ಅಂಥ ಆಡಂಬರವಿಲ್ಲ. ಎಲ್ಲಿ ಹತ್ತಿದಿರಿ, ಎಲ್ಲಿಗೆ ಹೊರಟಿರಿ ಎಂಬುದನ್ನು ಅದು ತಮಿಳಿನಲ್ಲಿ ಅಚ್ಚುಕಟ್ಟಾಗಿ ಮುದ್ರಿಸಿಕೊಂಡು, ನೀವು ಓದು ನಿಲ್ಲಿಸಿದ ಪುಟದಲ್ಲಿ ಸುಮ್ಮನೆ ಮಲಗಿರುತ್ತದೆ.

ನನ್ನ ವಾಸ ತಮಿಳುನಾಡಿನ ಗಡಿಯ ಹೊಸೂರಿಗೆ ಅಂಟಿದ ಮೂಕಂಡಪಲ್ಲಿ, ನೌಕರಿ ಕೃಷ್ಣಗಿರಿಯ ಒಂದು ಕಚೇರಿಯಲ್ಲಿ. ದಿನಕ್ಕೆರಡು ಬಾರಿ, ಹೋಗುತ್ತ ಒಂದು, ಬರುತ್ತ ಒಂದು, ಹೆದ್ದಾರಿಯ ಮೇಲೆ ಕೂತು ಮಾಯಾಲೋಕದ ಕಾದಂಬರಿಗಳನ್ನು ಓದುವುದು ನನ್ನ ದುರಭ್ಯಾಸ. ಈ ವಯಸ್ಸಿನಲ್ಲಿ ಅಧ್ಯಾತ್ಮ ಓದಬೇಕಾದವಳು ಹಾರುವ ಹಲ್ಲಿಗಳ ಬಗ್ಗೆ ಓದುತ್ತೀಯಲ್ಲ ಎಂದು ಹಂಗಿಸುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಕಚೇರಿಯ ಕಡತ ನೋಡುವವಳಿಗೆ ಹಾರುವ ಹಲ್ಲಿಯೇ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ.

ಈ ವರ್ಷ ಓದಿದವುಗಳಲ್ಲಿ ನಾಲ್ಕು ನನಗೆ ಅತಿ ಪ್ರಿಯವಾದವು. ಮೊದಲನೆಯದು ಏಳುನೂರು ಪುಟದ ಮಹಾಗಾತ್ರದ್ದು. ಕಳುವಾದ ನದಿಯೊಂದನ್ನು ಹುಡುಕಿಕೊಂಡು ಒಬ್ಬ ತರುಣ ಊರೂರು ಅಲೆಯುತ್ತಾನೆ. ಆರಂಭದಲ್ಲಿ ಒಂದು ಭವ್ಯವಾದ ಭೂಪಟವಿದೆ, ಅದರಲ್ಲಿ ಹದಿನಾಲ್ಕು ಪರ್ವತಗಳಿವೆ, ಒಂದೂ ಬಸ್ ನಿಲ್ದಾಣವಿಲ್ಲ. ಎರಡನೆಯದರಲ್ಲಿ ನೆಲದಡಿ ರಾಗಿ ತುಂಬಿಡುವ ಹಗೇವಿನೊಳಗೆ ವಾಸಿಸುವ ಸರ್ಪವೊಂದು, ಧಾನ್ಯ ತೆಗೆಯಲು ಬಂದವರಿಗೆ ಒಗಟು ಕೇಳಿ ಉತ್ತರ ಬರದಿದ್ದರೆ ಅಳುತ್ತದೆ. ಕಚ್ಚುವುದಿಲ್ಲ, ಅಳುತ್ತದೆ, ಅದೇ ಹೆಚ್ಚು ಭಯಾನಕ. ಮೂರನೆಯದು ತಮಿಳಿನದು. ಊರಗಡಿಯ ದೇವರಿಗೆ ಕಾಣಿಕೆಯಾಗಿ ಬಂದ ಮಣ್ಣಿನ ಕುದುರೆ ಪ್ರತಿದಿನ ಕದ್ದು ಮೇಯಲು ಹೋಗುತ್ತದೆ, ಮಳೆ ಬಂದರೆ ಮಾತ್ರ ಕರಗುವ ಭಯಕ್ಕೆ ಯಾರದಾದರೂ ಜಗಲಿಯಲ್ಲಿ ನಿಂತು ನಾಚಿಕೊಳ್ಳುತ್ತದೆ. ನಾಲ್ಕನೆಯದು ಎಲ್ಲಿಯದೋ ಶೀತದೇಶದ್ದು. ಹಿಮವನ್ನೇ ನೂಲು ಮಾಡಿ ಕಂಬಳಿ ಹೆಣೆಯುವ ಮುದುಕಿಯ ಕತೆ. ಅದನ್ನು ನಾನು ಮೇ ತಿಂಗಳಲ್ಲಿ, ಶೂಳಗಿರಿಯ ಹತ್ತಿರ ಕೆಟ್ಟು ನಿಂತ ಬಸ್ಸಿನಲ್ಲಿ ಕೂತು ಓದಿದೆ. ಬೆವರು ಪುಟದ ಮೇಲೆ ಬಿದ್ದು ಹಿಮವೆಲ್ಲ ಅಲ್ಲೇ ಕರಗಿತು.

ಓದುವುದರಿಂದ ಯಾರಿಗೂ ಅಪಾಯವಿಲ್ಲ. ಅಪಾಯವಿರುವುದು ಓದಿದ್ದನ್ನು ಹೇಳುವುದರಲ್ಲಿ, ಅದೂ ಹಗಲಿನಲ್ಲಿ ಹೇಳುವುದರಲ್ಲಿ. ನಮ್ಮ ಮನೆತನದ ನಂಬಿಕೆಯ ಪ್ರಕಾರ ಸೂರ್ಯನಿರುವಾಗ ಕತೆ ಹೇಳಿದರೆ, ಹೇಳಿದವರ ಸೋದರಮಾವ ಎಲ್ಲಿದ್ದರೂ ದಾರಿ ತಪ್ಪುತ್ತಾನೆ. ಪಾಪಕರ್ಮ ಯಾರದೋ, ಪ್ರಾಯಶ್ಚಿತ್ತ ಯಾರದೋ! ಈ ಶಾಸನವನ್ನು ಯಾರು ಬರೆದರೋ ಗೊತ್ತಿಲ್ಲ. ಬರೆದವರಿಗೆ ಸೋದರಳಿಯಂದಿರ ಕಾಟ ವಿಪರೀತವಾಗಿತ್ತೆಂಬುದು ಮಾತ್ರ ಸ್ಪಷ್ಟ.

ನನಗಿರುವುದು ಒಬ್ಬನೇ ಸೋದರಮಾವ. ನನ್ನ ತಾಯಿಯ ತಮ್ಮ ನಂಜಪ್ಪ, ಉದ್ದನಪಲ್ಲಿಯಲ್ಲಿ ಟೊಮೇಟೊ ಬೆಳೆಯುವವನು. ದುರದೃಷ್ಟಕ್ಕೆ ಅವನು ದಾರಿ ತಪ್ಪುವುದರಲ್ಲಿ ಜನ್ಮತಃ ಪ್ರತಿಭಾವಂತ. ಚೆನ್ನೈ, ಸೇಲಂ, ಬೆಂಗಳೂರಿನ ರಸ್ತೆಗಳೆಲ್ಲ ಕೂಡುವ ಕೃಷ್ಣಗಿರಿಯಲ್ಲಂತೂ ದಾರಿ ತಪ್ಪುವುದಕ್ಕೆ ಯಾರ ಕತೆಯ ಸಹಾಯವೂ ಬೇಕಿಲ್ಲ. ಹೋದ ವರ್ಷ ಅಲ್ಲಿಗೆ ಮದುವೆಗೆಂದು ಹೋದವನು ತಪ್ಪು ಕಲ್ಯಾಣಮಂಟಪ ಹೊಕ್ಕು, ಉಡುಗೊರೆಯ ಜೋಡಿ ದೀಪಗಳನ್ನು ಅಪರಿಚಿತ ದಂಪತಿಗಳ ಕೈಗಿತ್ತು, ಫೋಟೊಗೆ ನಿಂತು, ಎರಡು ಸಲ ಪಾಯಸ ಹಾಕಿಸಿಕೊಂಡು ಬಂದ. ಅಂದು ಸಂಜೆ ನನ್ನ ತಾಯಿ ನ್ಯಾಯಾಧೀಶರ ಗಾಂಭೀರ್ಯದಿಂದ ನನ್ನನ್ನು ವಿಚಾರಿಸಿದಳು: “ನಿಜ ಹೇಳು ರತ್ನಿ, ಇವತ್ತು ಹಗ್ಲೊತ್ನಲ್ಲಿ ಯಾರಿಗಾದ್ರೂ ಕತೆ ಹೇಳಿದ್ಯಾ?” ಹೇಳಿದ್ದೆ. ಕಚೇರಿಯಲ್ಲಿ ಟೀ ಕುಡಿಯುವಾಗ ಗೆಳತಿಯೊಬ್ಬಳಿಗೆ ಅರ್ಧ ಕಾದಂಬರಿ ಹೇಳಿದ್ದೆ. ಅಂದಿನಿಂದ ಆ ಜೋಡಿ ದೀಪಗಳ ಪಾಪ ನನ್ನ ತಲೆಯ ಮೇಲಿದೆ.

ಆದರೆ ಆ ಮಾವನೇ ನನಗೆ ಕತೆಯ ರುಚಿ ಹತ್ತಿಸಿದವನು. ಬಾಲ್ಯದಲ್ಲಿ ರಜೆಗೆ ಉದ್ದನಪಲ್ಲಿಗೆ ಹೋದಾಗ, ದೀಪ ಹಚ್ಚಿದ ಮೇಲೆ ಅವನು ಅವರೆಕಾಯಿ ಸುಲಿಯುತ್ತ ಕತೆ ಹೇಳುತ್ತಿದ್ದ, ನಾನು ಹೂಂಗುಟ್ಟಬೇಕಿತ್ತು. ಪ್ರತಿ ಮಾತಿಗೂ ಒಂದು ‘ಹೂಂ’. ಹೂಂಕಾರ ನಿಂತರೆ ಕತೆಯೂ ಅಲ್ಲೇ ಸ್ಥಗಿತ. ಒಮ್ಮೆ ನಾನು ನಿದ್ದೆಹೋದ ಕಾರಣ ಒಬ್ಬ ರಾಜಕುಮಾರ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಕುದುರೆಯ ರಿಕಾಪಿನಲ್ಲಿ ಇಟ್ಟುಕೊಂಡು ಮರುದಿನ ಸಂಜೆಯವರೆಗೆ ಹಾಗೇ ನಿಂತಿದ್ದ. ಆ ಪಾಪವೂ ನನ್ನದೇ.

ಇಷ್ಟು ಪೀಠಿಕೆ ಯಾಕೆಂದರೆ, ಹೊಸೂರಿನಲ್ಲಿ ನಮ್ಮದೊಂದು ಪುಟ್ಟ ಓದುಗರ ಬಳಗವಿದೆ. ಹೊಲಿಗೆ ಅಂಗಡಿಯೊಂದರ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಸದಸ್ಯರಲ್ಲಿ ಅನೇಕರು ಮಧ್ಯಾಹ್ನದ ಶಿಫ್ಟಿಗೆ ಕಾರ್ಖಾನೆಗೆ ಓಡಬೇಕಾದ್ದರಿಂದ ಸಭೆ ಬೆಳಗ್ಗೆ ಹನ್ನೊಂದಕ್ಕೇ. ವರ್ಷದ ಕೊನೆಯಲ್ಲಿ ಒಬ್ಬರು ತಮ್ಮ ಮೆಚ್ಚಿನ ಪುಸ್ತಕಗಳ ಬಗ್ಗೆ ಮಾತಾಡುವುದು ಪದ್ಧತಿ. ಕಳೆದ ವರ್ಷ ಆ ಗೌರವ ನನಗೆ ಬಂದು, ನಾನು ಅದನ್ನು ಸಮರ್ಥವಾಗಿ ಹಾಳು ಮಾಡಿದೆ. ಎದುರಿಗಿದ್ದವರು ಅಷ್ಟೊಂದು ನಿಶ್ಶಬ್ದವಾಗಿದ್ದರು. ನನ್ನ ನಾಲಿಗೆ ಒಣಗಿ, ಅರ್ಧ ಗಂಟೆಯ ಭಾಷಣ ಐದು ನಿಮಿಷಕ್ಕೇ ಪ್ರಾಣಬಿಟ್ಟಿತು. ಬಳಗದ ಹಿರಿಯರು ಈ ವರ್ಷ ಮತ್ತೊಂದು ಅವಕಾಶ ಕೊಟ್ಟರು. “ಇದೊಂದು ಸಲ ನೋಡೋಣ” ಎಂದ ಅವರ ಧಾಟಿಯಲ್ಲೇ ಮುಂದಿನ ಸಲ ನೋಡುವುದಿಲ್ಲ ಎಂಬುದೂ ಇತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಹದಿನೈದು ಜನರ ಮುಂದೆ ಒಮ್ಮೆ ಸರಿಯಾಗಿ ಕತೆ ಹೇಳಬೇಕೆಂಬ ಆಸೆ ನನಗೆ ಪ್ರಮೋಷನ್ನಿನ ಆಸೆಗಿಂತ ಬಲವಾಗಿತ್ತು.

ಶನಿವಾರವೇ ತಾಯಿಯ ವಿರೋಧ ಶುರುವಾಯಿತು. ಭಾನುವಾರ ಬೆಳಗ್ಗೆಯೇ ನಂಜಪ್ಪ ಮಾವ ಮಾವಿನ ಕಸಿಗಿಡ ತರಲು ಕೃಷ್ಣಗಿರಿಗೆ ಹೊರಡುವವನಿದ್ದ. “ನೀನು ಕತೆ ಹೇಳೋದು ಹನ್ನೊಂದಕ್ಕೆ, ಅವ್ನು ಕೃಷ್ಣಗಿರೀಲಿ ಇಳಿಯೋದೂ ಹನ್ನೊಂದಕ್ಕೆ. ನಮ್ ತಮ್ಮನ್ನ ಏನ್ ಮಾಡ್ಬೇಕೂಂತಿದೀಯೇ?” ಎಂದು ಗದರಿ, ಅವನಿಗೂ ಫೋನು ಮಾಡಿ, ಹೊಸೂರಿನ ಹೊಲಿಗೆ ಅಂಗಡಿಯ ಮಹಡಿಯಿಂದ ಹಿಡಿದು ಎಲ್ಲವನ್ನೂ ವರದಿ ಮಾಡಿ, ಪ್ರಯಾಣ ರದ್ದು ಮಾಡೆಂದು ಆಜ್ಞಾಪಿಸಿದಳು. ಅವನು ಆ ಕಡೆಯಿಂದ, “ಗಿಡ ಹೇಳ್ಬುಟ್ಟಿದೀನಿ ಕಣಕ್ಕ, ಹೋಗ್ಲೇಬೇಕು. ಅವ್ಳೂ ಹೇಳ್ಲಿ, ನಾನೂ ಹೋಯ್ತೀನಿ” ಎಂದ. ನಾನು ನನ್ನ ವೈಜ್ಞಾನಿಕ ಮನೋಭಾವವನ್ನು ಘೋಷಿಸಿ ಮಲಗಿದೆ. ಬೆಳಗ್ಗೆ ಎದ್ದ ಕೂಡಲೇ, ಯಾರಿಗೂ ಕಾಣದಂತೆ, ಮಾವನ ಹೆಸರಿನಲ್ಲಿ ದೇವರಿಗೊಂದು ಕೈ ಮುಗಿದೆ.

ಹನ್ನೊಂದು ಗಂಟೆಗೆ ನಿಂತೆ. ನದಿ ಕಳುವಾಯಿತೆಂದೆ. ಹದಿನೈದು ಮುಖಗಳೂ ಕಳೆದ ವರ್ಷದಷ್ಟೇ ನಿರ್ವಿಕಾರವಾಗಿದ್ದವು. ವಿದ್ಯಾವಂತರು ಹೂಂಗುಟ್ಟುವುದಿಲ್ಲವಷ್ಟೆ, ಬಹಳವೆಂದರೆ ತಲೆಯಾಡಿಸುತ್ತಾರೆ, ಅದೂ ಫ್ಯಾನಿನ ಗಾಳಿಗೋ ಕತೆಗೋ ತಿಳಿಯುವುದಿಲ್ಲ. ಹಗೇವಿನ ಸರ್ಪದ ಹತ್ತಿರ ಬರುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತು. ಸರ್ಪ ಒಗಟು ಕೇಳಿತೆಂದೆ. ಯಾವ ಒಗಟೆಂಬುದು ಮರೆತುಹೋಯಿತು. ಅಳಬೇಕಾದದ್ದು ಸರ್ಪ, ಅಳುವ ಹಂತಕ್ಕೆ ಬಂದವಳು ನಾನು.

ಆಗ ಬಾಗಿಲ ಬಳಿಯಿಂದ ಕೇಳಿಸಿತು: “ಹೂಂ.”

ನೋಡಿದರೆ ನಂಜಪ್ಪ ಮಾವ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಖಾಲಿ ಗೋಣಿಚೀಲ. ಕೊನೆಯ ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮತ್ತೊಮ್ಮೆ “ಹೂಂ, ಆಮೇಲೆ?” ಎಂದ. ನನಗೆ ಒಗಟು ನೆನಪಾಯಿತು. ಮುಂದೆ ನಡೆದದ್ದನ್ನು ವರ್ಣಿಸಿದರೆ ಆತ್ಮಪ್ರಶಂಸೆಯಾದೀತು. ಮಾವ ಹೂಂಗುಟ್ಟಿದ, ಅವನ ಪಕ್ಕದಲ್ಲಿದ್ದ ಕಾರ್ಖಾನೆಯ ಟರ್ನರ್ ಒಬ್ಬರು ಹೂಂಗುಟ್ಟಿದರು, ಮಣ್ಣಿನ ಕುದುರೆ ಜಗಲಿ ಹತ್ತುವ ವೇಳೆಗೆ ಬಳಗದ ಹಿರಿಯರೂ ತಮಗರಿವಿಲ್ಲದೆ ಹೂಂಗುಟ್ಟುತ್ತಿದ್ದರು. ಅರ್ಧ ಗಂಟೆಯ ಮಾತು ಒಂದು ಗಂಟೆಯಾಗಿ, ಶಿಫ್ಟಿನವರು ಊಟ ಬಿಟ್ಟು ಓಡಿದರು.

ಅಮ್ಮನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದಾಗ ಆಕೆಗಾದದ್ದು ದಿಗ್ವಿಜಯದ ಸಂತೋಷ. “ನಾನ್ ಹೇಳಿರ್ಲಿಲ್ವಾ? ಕೃಷ್ಣಗಿರಿಗೆ ಹೊರಟೋನು ಹೊಸೂರ್ಗೆ ಬಂದ್ಬುಟ್ಟವ್ನೆ!” ಉದ್ದನಪಲ್ಲಿಯಿಂದ ಒಂದು ಪೂರ್ವವಾದರೆ ಇನ್ನೊಂದು ಪಶ್ಚಿಮ, ಇಷ್ಟು ಸಂಪೂರ್ಣವಾಗಿ ದಾರಿ ತಪ್ಪಿದ್ದು ಮಾವನ ಜೀವಮಾನದಲ್ಲೇ ಪ್ರಥಮ. ಕೆಳಗಿಳಿದು ಪಕ್ಕದ ಟೀ ಅಂಗಡಿಯಲ್ಲಿ ಟೀ ಹೇಳಿ, ನನ್ನ ಕೈಯಲ್ಲಿದ್ದ ಹಿಮದ ಮುದುಕಿಯ ಪುಸ್ತಕದಿಂದ ಹಳೆಯ ಗುರುತು ಎಲ್ಲೋ ಬಿದ್ದುಹೋದದ್ದನ್ನು ಕಂಡು, ಅವನು ಜೇಬಿನಿಂದ ತನ್ನ ಟಿಕೆಟ್ ತೆಗೆದು, “ತಗೋ ಅಮ್ಮಣ್ಣಿ, ಇದ್ನ ಮಡಿಕ್ಕೋ” ಎಂದು ಕೊಟ್ಟ. ಅಭ್ಯಾಸಬಲದಿಂದ ನಾನು ಅದನ್ನು ಓದಿದೆ. ಮಾವನಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹತ್ತಿದ್ದು ಉದ್ದನಪಲ್ಲಿ, ಇಳಿಯಬೇಕಾದದ್ದು ಹೊಸೂರು ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು.

ಮತ್ತೊಮ್ಮೆ ಓದಿದೆ. ಟಿಕೆಟ್ಟನ್ನು ಪುಸ್ತಕದೊಳಗಿಟ್ಟು ಮುಚ್ಚಿದೆ. ತಾಯಿಗೆ ಇವತ್ತಿಗೂ ತೋರಿಸಿಲ್ಲ.

ಮಾವ ಟೀಯನ್ನು ಊದುತ್ತ, ತಾನು ದಾರಿ ತಪ್ಪಿದ ಕತೆಯನ್ನು ಶುರುಮಾಡಿದ. “ನಾನು ಕೃಷ್ಣಗಿರಿ ಅಂತ್ಲೇ ಕಣಮ್ಮಣ್ಣಿ ಟಿಕೆಟ್ ಕೇಳಿದ್ದು.”

“ಹೂಂ,” ಎಂದೆ.

“ಕಂಡಕ್ಟರೂನೂ ಕೃಷ್ಣಗಿರಿ ಅಂತ್ಲೇ ಕೊಟ್ಟ.”

“ಹೂಂ.”

“ಕಣ್ ಬಿಟ್ಟು ನೋಡ್ತೀನಿ, ಹೊಸೂರು! ಬಸ್ಸೇ ತಿರುಗ್ಬುಟ್ಟದೆ!”

ಈ ವರ್ಷದ ನನ್ನ ಮೆಚ್ಚಿನ ಮಾಯಾಕತೆಗಳ ಪಟ್ಟಿಯಲ್ಲಿ ನಾಲ್ಕಿದ್ದದ್ದು ಐದಾಯಿತು, ಐದನೆಯದು ಮೊದಲಿಗೆ ಬಂತು. ಮಟಮಟ ಮಧ್ಯಾಹ್ನದಲ್ಲಿ, ಟಿಕೆಟ್ಟಿದ್ದ ಪುಸ್ತಕವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಅವನು ಹೇಳಿ ಮುಗಿಸುವವರೆಗೂ ನಾನು ಹೂಂಗುಟ್ಟಿದೆ.